ಬೆಟ್ಟದ ಹಟ್ಟಿಯ ಹಾಲುಕೋಣೆ

ಹರಿಹರದಿಂದ ನಾನು ಹೊರಟದ್ದು ಮಾಘ ಮಾಸದ ಒಂದು ಬುಧವಾರ. ಹೆರಿಗೆ ವಾರ್ಡಿನ ದೊಡ್ಡ ಡಾಕ್ಟರ ಮುಂದೆ ನಿಂತು ಹನ್ನೆರಡು ದಿನದ ರಜೆ ಕೇಳುವುದಕ್ಕೆ ನನಗೆ ಒಂದು ವಾರದ ಧೈರ್ಯ ಬೇಕಾಯಿತು. ಯಾಕೆ ಎಂದು ಕೇಳಿದರು. ಗೆಳತಿಯೊಬ್ಬಳಿಗೆ ಕೆಲಸ ಕೊಡಿಸಲು ನೀಲಗಿರಿಗೆ ಹೋಗಬೇಕು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಊಟಿಗೆ ಜನ ಹವಾ ಬದಲಾವಣೆಗೆ ಹೋಗುತ್ತಾರೆ, ನೀನೊಬ್ಬಳು ಜಗಳ ಕಾಯಲು ಹೋಗುತ್ತೀಯಾ ಎಂದು ನಕ್ಕು ಸಹಿ ಹಾಕಿದರು. ಜಗಳ ಕಾಯುವ ಯೋಚನೆ ನನಗೇನೂ ಇರಲಿಲ್ಲ. ಆದರೆ ನನ್ನ ಬಾಯಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಗೆಳತಿಯ ಹೆಸರು ಮಾದಿ. ಮೈಸೂರಿನಲ್ಲಿ ಸೂಲಗಿತ್ತಿಯ ತರಬೇತಿ ಪಡೆಯುವಾಗ ಒಂದೂವರೆ ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳು ನೀಲಗಿರಿಯ ಬಡಗರವಳು. ಎಷ್ಟೋ ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ, ಅಂದರೆ ತಮ್ಮ ಬಡಗಣ ದಿಕ್ಕಿನಿಂದ ಬೆಟ್ಟ ಹತ್ತಿದವರಾದ್ದರಿಂದ ಅವರಿಗೆ ಆ ಹೆಸರಂತೆ. ಅವರ ಮಾತು ನಮ್ಮ ಮಾತಿಗೆ ಹತ್ತಿರದ್ದು. ನಿಧಾನವಾಗಿ ಆಡಿದರೆ ಮುಕ್ಕಾಲು ತಿಳಿಯುತ್ತದೆ, ಉಳಿದದ್ದನ್ನು ಮುಖ ನೋಡಿ ತಿಳಿದುಕೊಳ್ಳಬೇಕು. ಅವರಾಡಿದಂತೆಯೇ ಬರೆಯಲು ನನಗೆ ಬಾರದು. ಮುಂದೆ ಅವರ ಮಾತು ಬಂದಲ್ಲೆಲ್ಲ ನಮ್ಮ ಹರಿಹರದ ಬಾಯಿಗೆ ತಿರುಗಿಸಿಯೇ ಬರೆದಿದ್ದೇನೆ.

ಮಾದಿಯ ಕಾಗದ ಸಂಕ್ರಾಂತಿಯ ಹೊತ್ತಿಗೆ ಬಂದಿತ್ತು. ಅವಳ ಹಟ್ಟಿಯಿಂದ ನಾಲ್ಕು ಮೈಲಿಯಾಚೆ ಸರ್ಕಾರದವರು ಹೊಸ ಆರೋಗ್ಯ ಕೇಂದ್ರ ತೆರೆದಿದ್ದರು. ಸೂಲಗಿತ್ತಿಯ ಜಾಗಕ್ಕೆ ಇವಳ ಹೆಸರಿಗೆ ಆರ್ಡರ್ ಬಂದಿತ್ತು, ಫೆಬ್ರವರಿ ಮುಗಿಯುವುದರೊಳಗೆ ಸೇರಿಕೊಳ್ಳಬೇಕಿತ್ತು. ಗಂಡ ಕೂನೂರಿನ ಕಡೆ ಟೀ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಅವನದು ಒಪ್ಪಿಗೆ. ಆದರೆ ಮನೆ ನಡೆಯುವುದು ಮಾವನ ಮಾತಿನ ಮೇಲೆ. ಆತ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಈ ಕೆಲಸ ಮಾಡುವ ಹೆಂಗಸು ಎಂಥವಳಾಗಿರುತ್ತಾಳೆ, ಒಮ್ಮೆ ಕಣ್ಣಾರೆ ನೋಡಿ ಹೇಳುತ್ತೇನೆ ಎಂದರಂತೆ. ನೀನು ಬಂದು ನಾಲ್ಕು ದಿನ ಇದ್ದು ಹೋಗು ಎಂದು ಮಾದಿ ಬರೆದಿದ್ದಳು. ಮಂಡಿಯಲ್ಲಿ ಹತ್ತಿಯ ಮಾದರಿ ಹಿಡಿದು ತೋರಿಸುವ ಹಾಗೆ ನನ್ನನ್ನು ತೋರಿಸಬೇಕಿತ್ತು.

ದಾವಣಗೆರೆಯಲ್ಲಿ ಸಂಜೆಯ ರೈಲು. ಮಧ್ಯಾಹ್ನವೇ ಹೋಗಿ ಮಂಡಿಪೇಟೆಯಲ್ಲಿ ಬೆಲ್ಲ, ಶೇಂಗಾ, ಒಂದು ಚೀಲ ಮಂಡಕ್ಕಿ ಕೊಂಡೆ. ಅಂಗಡಿಯ ಯಜಮಾನರು ನಾನೇ ಅವರ ಮನೆಯಲ್ಲಿ ಎರಡು ಹೆರಿಗೆ ಮಾಡಿಸಿದ್ದರಿಂದ ಸ್ಟೂಲು ಎಳೆದು ಕೂಡಿಸಿದರು. “ಮಂಡಕ್ಕಿ ಒಯ್ಯಬ್ಯಾಡ್ರಿ ನರ್ಸಮ್ಮ, ಬೆಟ್ಟದ ಥಂಡಿಗೆ ಮೆತ್ತಗಾಗಿ ಹೋಗ್ತಾವ” ಎಂದರು. ನಾನು ಕೇಳಲಿಲ್ಲ. ಅವು ಗೂಡಲೂರು ದಾಟುವುದರೊಳಗೆ ಮೆತ್ತಗಾದವು. ನನ್ನ ಯಜಮಾನರು ಸ್ಟೇಷನ್ನಿಗೆ ಬಂದು ಟ್ರಂಕು ಹತ್ತಿಸಿ, ಒಬ್ಬಳೇ ಹೊರಟಿದ್ದೀಯ, ಹುಷಾರು ಎಂದು ನಾಲ್ಕು ಸಲ ಹೇಳಿದರು. ಬೆಂಗಳೂರಿಗೆ ಇನ್ನೂರು ಮೈಲಿ, ಮೂರನೆಯ ದರ್ಜೆಗೆ ಆರು ರೂಪಾಯಿ ಚಿಲ್ಲರೆ. ಚಿಲ್ಲರೆ ಕೊಡುವಾಗ ಟಿಕೆಟ್ ಬಾಬು ಹಳೆಯ ಆಣೆಯನ್ನೂ ಹೊಸ ನಯಾ ಪೈಸೆಯನ್ನೂ ಬೆರೆಸಿ ಕೊಟ್ಟು ನನ್ನ ತಲೆ ಕೆಡಿಸಿದ.

ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನ ಮೈಸೂರು. ಅಲ್ಲಿ ಛತ್ರವೊಂದರಲ್ಲಿ ರಾತ್ರಿ ಕಳೆದು, ಶುಕ್ರವಾರ ಬೆಳಿಗ್ಗೆ ಊಟಿಯ ಬಸ್ಸು ಹಿಡಿದೆ. ಗುಂಡ್ಲುಪೇಟೆ ದಾಟಿದ ಮೇಲೆ ಕಾಡು. ಎಲೆ ಉದುರಿದ ಕಾಡು, ನೆಲವೆಲ್ಲ ಹಳದಿ ಹುಲ್ಲು. ಆನೆ ಕಾಣುತ್ತದೆ ಎಂದು ಪಕ್ಕದಲ್ಲಿದ್ದವರು ಹೇಳುತ್ತಲೇ ಇದ್ದರು, ಲದ್ದಿ ಮಾತ್ರ ಕಂಡಿತು. ಮದರಾಸು ರಾಜ್ಯದ ಗಡಿಯಲ್ಲಿ ಬಸ್ಸು ನಿಲ್ಲಿಸಿ, ಅಲ್ಲಿ ಪಾನನಿಷೇಧವಿದ್ದುದರಿಂದ ಎಲ್ಲರ ಗಂಟುಮೂಟೆ ಬಿಚ್ಚಿಸಿದರು. ಪೋಲೀಸಿನವನು ನನ್ನ ಶೇಂಗಾ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಸೀನಿದ. ಅಲ್ಲಿಂದ ಮುಂದೆ ಏರು ದಾರಿ. ನಾನು ತಿರುವುಗಳನ್ನು ಎಣಿಸಲು ಶುರು ಮಾಡಿದವಳು ಹೊಟ್ಟೆ ತೊಳಸಿ ಬಿಟ್ಟುಬಿಟ್ಟೆ. ನೂರು ಹೆರಿಗೆ ನೋಡಿದ ಗಟ್ಟಿಗಿತ್ತಿ ಅಂದುಕೊಂಡಿದ್ದವಳು ಕಿಟಕಿಗೆ ತಲೆ ಆನಿಸಿ ನಿಂಬೆಹಣ್ಣು ಮೂಸುತ್ತ ಊಟಿಗೆ ಹೋಗಿ ಇಳಿದೆ.

ಮಾದಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು. ಬಿಳಿ ಬಟ್ಟೆಯನ್ನು ಕಂಕುಳ ಕೆಳಗೆ ಸುತ್ತಿ, ತಲೆಗೂ ಬಿಳಿ ವಸ್ತ್ರ ಕಟ್ಟಿಕೊಂಡಿದ್ದ ಅವಳನ್ನು ನಾನು ಎರಡು ಸಲ ದಾಟಿ ಹೋದೆ. ಮೈಸೂರಿನಲ್ಲಿ ಅವಳು ನಮ್ಮೆಲ್ಲರಂತೆ ಸೀರೆ ಉಡುತ್ತಿದ್ದಳು. ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅಂದು ಅವಳ ನೆಂಟರ ಮನೆಯಲ್ಲಿ ಉಳಿದು, ಮರುದಿನ ಕೋಟಗಿರಿಯ ಬಸ್ಸು ಹತ್ತಿದೆವು. ಹದಿನೆಂಟು ಮೈಲಿ ದಾರಿ, ಎರಡೂ ಕಡೆ ಟೀ ತೋಟ, ತಗ್ಗಿನ ಹೊಲಗಳಲ್ಲಿ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಚೆಲ್ಲಿದಂತಿತ್ತು. ಕೋಟಗಿರಿಯಿಂದ ಮತ್ತೊಂದು ಬಸ್ಸಿನಲ್ಲಿ ಸ್ವಲ್ಪ ದೂರ, ಆಮೇಲೆ ಒಂದು ಮೈಲಿ ಇಳಿಜಾರು ನಡಿಗೆ. ಹಟ್ಟಿಯ ಹೆಸರು ನಾನು ಬರೆಯುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿಯುತ್ತದೆ.

ಹಟ್ಟಿ ಎಂದರೆ ಇಪ್ಪತ್ತೈದು ಮೂವತ್ತು ಮನೆಗಳ ಊರು. ಮನೆಗಳೆಲ್ಲ ಒಂದಕ್ಕೊಂದು ಗೋಡೆ ಹೊಂದಿಸಿಕೊಂಡು ಸಾಲಾಗಿ ನಿಂತಿದ್ದವು, ಮುಂದೆ ಎಲ್ಲರಿಗೂ ಸೇರಿದ ಗುಡಿಸಿದ ಅಂಗಳ. ಮಾದಿಯ ಮಾವ ಎತ್ತರದ ಮುದುಕ, ಬಿಳಿ ರುಮಾಲು, ಬಿಳಿ ಹೊದಿಕೆ. ಅಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುವುದಿಲ್ಲ, ತಲೆ ಬಾಗಿಸಿ ಮುಂದೆ ನಿಲ್ಲುತ್ತಾರೆ. ಹಿರಿಯರು ತಲೆಯ ಮೇಲೆ ಬಲಗೈ ಇಟ್ಟು ಹರಸುತ್ತಾರೆ. ಮಾದಿ ಕಣ್ಸನ್ನೆ ಮಾಡಿದಳೆಂದು ನಾನೂ ಬಾಗಿ ನಿಂತೆ. ಆತನ ಕೈ ಭಾರವಾಗಿತ್ತು, ಹರಕೆ ಬಹಳ ಉದ್ದವಾಗಿತ್ತು. ಒಂದು ಸಾವಿರವಾಗಲಿ, ಬಾಳು ಹಸನಾಗಲಿ ಎಂಬಷ್ಟು ತಿಳಿಯಿತು. ನನ್ನ ತಂದೆ ತೀರಿದ ಮೇಲೆ ಯಾರೂ ನನ್ನ ತಲೆಯ ಮೇಲೆ ಹಾಗೆ ಕೈಯಿಟ್ಟಿರಲಿಲ್ಲ.

ಅತ್ತೆ ಸಣ್ಣಗೆ ಒಣಗಿದ ಹೆಂಗಸು, ಹಣೆಯ ತುಂಬ ಹಚ್ಚೆ, ಮಾತು ಕಡಿಮೆ. ರಾಗಿ ಹಿಟ್ಟು, ಅವರೆಕಾಳಿನ ಉದಕ, ಆಲೂಗಡ್ಡೆ ಬಡಿಸಿದರು. ಉದಕ ಎಂದರೆ ನಮ್ಮ ಸಾರಿನಂಥದ್ದು, ಖಾರ ಜೋರು. ನಾನು ಮೂರು ಸಲ ಹಾಕಿಸಿಕೊಂಡಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಊಟದ ಕೊನೆಗೆ ಮಜ್ಜಿಗೆಯನ್ನು ಮಾವನೇ ಎದ್ದು ಹೋಗಿ ತಂದು ಬಡಿಸಿದರು. ಅತಿಥಿಯೆಂದು ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟಕ್ಕೆ ನಿಂತು ಯೋಚಿಸಿದ್ದರೆ ಚೆನ್ನಾಗಿತ್ತು.

ಮರುದಿನ ಆತ ನನ್ನನ್ನು ಅಂಗಳದ ಕಲ್ಲಿನ ಮೇಲೆ ಕೂಡಿಸಿಕೊಂಡು ವಿಚಾರಿಸಿದರು. ಎಷ್ಟು ಹೆರಿಗೆ ಮಾಡಿಸಿದ್ದೀಯ, ಯಾರ ಯಾರ ಮನೆಗೆ ಹೋಗುತ್ತೀಯ, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ ಯಾರು ಜೊತೆಗೆ ಬರುತ್ತಾರೆ ಎಂದೆಲ್ಲ ಕೇಳಿದರು. ಜಾತಿ ನೋಡದೆ ಎಲ್ಲರ ಮನೆಗೂ ಹೋಗುತ್ತೇನೆ, ಬಂದ ಮೇಲೆ ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ತೊಳೆಯುತ್ತೇನೆ ಅಂದೆ. ಸೋಪಿನ ಮಾತು ಆತನಿಗೆ ಹತ್ತಲಿಲ್ಲ. ಹೆರಿಗೆಯ ಮೈಲಿಗೆ ಸೋಪಿಗೆ ಹೋಗುವಂಥದ್ದಲ್ಲ ಎಂಬ ಧಾಟಿಯಲ್ಲಿ ತಲೆಯಾಡಿಸಿ, ಸೊಸೆ ಎಲ್ಲೆಲ್ಲಿ ಏನೇನು ಮುಟ್ಟಿ ಬಂದಳೆಂದು ಮನೆಯಲ್ಲಿದ್ದವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದರು. ಮಂಗಳವಾರ ನಿಮ್ಮಿಬ್ಬರಿಗೂ ಹೇಳುತ್ತೇನೆ ಎಂದು ಎದ್ದುಹೋದರು. ಆ ದಿನ ಭಾನುವಾರ.

ಸೋಮವಾರ ಬೆಳಿಗ್ಗೆ ಮಾದಿ ಆಲೂಗಡ್ಡೆ ಹೊಲಕ್ಕೆ ಹೋದಳು. ಮಾವ ದನ ಹೊಡೆದುಕೊಂಡು ಹೋಗಿದ್ದರು. ಅತ್ತೆ ಹೊರಗೆಲ್ಲೋ ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ನನಗೆ ಕೂತು ತಿನ್ನುವುದೆಂದರೆ ಮೈಯೆಲ್ಲ ಮುಳ್ಳು. ನಾನು ಲೋಕಿಕೆರೆಯಲ್ಲಿ ಹುಟ್ಟಿ ಬೆಳೆದವಳು, ನಾಲ್ಕು ಎಮ್ಮೆಯ ಮನೆ. ನಮ್ಮಲ್ಲಿ ಹಾಲು ಹೈನು ಎಂದರೆ ಹೆಂಗಸರ ದರ್ಬಾರು. ಗಂಡಸರು ಹೆಪ್ಪಿನ ಗಡಿಗೆಗೆ ಕೈಹಾಕಿದರೆ ನಮ್ಮವ್ವ ಕೈಮೇಲೆ ಹೊಡೆಯುತ್ತಿದ್ದಳು. ನಂಟರ ಮನೆಗೆ ಹೋದ ಹೆಣ್ಣುಮಗಳು ತಾನಾಗಿ ಒಳಗೆ ಹೊಕ್ಕು ಕೆಲಸಕ್ಕೆ ಕೈ ಹಚ್ಚಿದರೇನೇ ಅವಳಿಗೆ ಮರ್ಯಾದೆ. ಮುದುಕ ಮುದುಕಿಯರು ಬರುವುದರೊಳಗೆ ಹರಿಹರದಿಂದ ತಂದ ಕಾಫಿ ಪುಡಿಯಲ್ಲಿ ಒಂದು ಒಳ್ಳೆಯ ಕಾಫಿ ಮಾಡಿಡೋಣ ಎಂದು ಹಾಲು ಹುಡುಕಿದೆ. ಒಳಮನೆಯ ಮೂಲೆಯಲ್ಲಿ ಬಗ್ಗಿ ಹೋಗಬೇಕಾದಂಥ ಪುಟ್ಟ ಬಾಗಿಲಿತ್ತು. ತಳ್ಳಿದೆ, ತೆರೆಯಿತು.

ಒಳಗೆ ಹೋದೆ. ಒಂದು ಚೊಂಬಿನಷ್ಟು ಹಾಲು ಬಗ್ಗಿಸಿಕೊಂಡೆ. ಸುಮ್ಮನೆ ಬರಬಾರದೇ, ಪಕ್ಕದ ಗಡಿಗೆಯ ಮೊಸರು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಬೆರಳು ಅದ್ದಿಯೂ ನೋಡಿದೆ. ಚೊಂಬು ಹಿಡಿದು ಬಗ್ಗಿ ಹೊರಗೆ ಬಂದರೆ ಎದುರಿಗೆ ಮಾದಿ ನಿಂತಿದ್ದಳು. ಕುಡುಗೋಲು ಮರೆತು ಹೋಗಿದ್ದಳಂತೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅದು ಹಾಗೊಟ್ಟು, ಅವರ ಮನೆಯ ಹಾಲುಕೋಣೆ. ಹಾಲು ಕರೆಯುವವರು, ಇಡುವವರು, ತಂದು ಕೊಡುವವರು ಎಲ್ಲ ಗಂಡಸರೇ. ಆ ಬಾಗಿಲನ್ನು ಯಾವ ಹೆಂಗಸೂ ದಾಟುವಂತಿಲ್ಲ, ಮನೆಯ ಹಿರಿಯಳೂ ಕೂಡ. ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಇದನ್ನು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೂ ಯಾರೂ ಹೇಳಿರಲಿಲ್ಲ, ಗೊತ್ತಿತ್ತು ಅಷ್ಟೆ.

ಅವಳು ಗೋಡೆಗೆ ಒರಗಿ ಕೂತು ಅತ್ತಳು. ನಾಳೆ ಮಾವ ಮಾತು ಕೊಡುವವರಿದ್ದರು, ಇವತ್ತು ಹೀಗಾಯಿತು, ಎಲ್ಲ ಮುಗಿಯಿತು ಎಂದಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಎರಡೂ ಕೈ ಹಿಡಿದಳು. “ಯಾರೂ ನೋಡಿಲ್ಲ. ಹೇಳಬ್ಯಾಡ. ನನ್ನಾಣೆ ಐತೆ, ಹೇಳಬ್ಯಾಡ” ಎಂದಳು. ಹಾಲನ್ನು ಹಿತ್ತಲಲ್ಲಿ ಚೆಲ್ಲಿ ಮಣ್ಣು ಮುಚ್ಚಿದೆವು. ಕದ್ದು ಮುಚ್ಚಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು. ಹೆತ್ತು ಹಾಲೂಡಿಸುವವಳನ್ನು ಹಾಲಿನ ಕೋಣೆಯಿಂದ ಹೊರಗಿಡುವುದು ಯಾವ ನ್ಯಾಯ ಎಂದು ಒಳಗೇ ಕುದಿದೆ. ಆದರೆ ಹರಿಹರದ ನನ್ನ ಮನೆಯಲ್ಲಿ ನಾನೂ ತಿಂಗಳಿಗೆ ಮೂರು ದಿನ ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ನನ್ನದೇ ಅಡಿಗೆಮನೆಯ ಹೊಸ್ತಿಲು ದಾಟದೆ ಕೂರುತ್ತೇನೆ. ಅಲ್ಲಿ ಈ ಸಿಟ್ಟು ಒಂದು ದಿನವೂ ಬಂದದ್ದಿಲ್ಲ.

ಸಂಜೆ ಮಾವ ದನ ಹೊಡೆದುಕೊಂಡು ಬಂದರು. ಕೈಕಾಲು ತೊಳೆದು, ಹಾಲು ಕರೆದು, ತಲೆ ಬಗ್ಗಿಸಿ ಆ ಬಾಗಿಲೊಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ನನಗೆಂದು ಒಂದು ಬಟ್ಟಲು ಮೊಸರಿತ್ತು. ನಾನು ಬೆರಳದ್ದಿದ ಗಡಿಗೆಯದೇ. ದೂರದಿಂದ ಬಂದ ಮಗಳು, ಕೆನೆ ನಿನಗೆ ಎಂದು ಮುಂದೆ ಇಟ್ಟರು. ತಿಳಿಯದೆ ಒಳಗೆ ಹೋದದ್ದಕ್ಕೆ ನನಗೆ ಅಷ್ಟು ಸಂಕಟವಾಗಿರಲಿಲ್ಲ. ತಿಳಿದ ಮೇಲೆ ಆ ಬಟ್ಟಲನ್ನು ಬಾಯಿಗೆ ಎತ್ತುವುದು ನನ್ನಿಂದ ಆಗಲಿಲ್ಲ. ಮಾದಿ ಒಲೆಯ ಬಳಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ.

“ಅಯ್ಯಾ, ಬೆಳಿಗ್ಗೆ ನಾನು ಆ ಕೋಣಿ ಒಳಗೆ ಹೋಗಿದ್ದೆ. ಹಾಲು ತಗಂಡೆ, ಈ ಮೊಸರಿಗೂ ಬೆರಳು ಅದ್ದಿದೆ. ಹೋಗಬಾರ್ದು ಅಂತ ಗೊತ್ತಿರ್ಲಿಲ್ಲ” ಅಂದೆ.

ಆತ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

“ಮಾದಿಗೆ ಗೊತ್ತೇನು?”

“ಇಲ್ಲ. ಆಕಿ ಹೊಲಕ್ಕೆ ಹೋಗಿದ್ಲು. ಹೋಗಬಾರ್ದಿತ್ತು ಅಂತ ನೀವು ತಲೆ ಬಗ್ಗಿಸಿ ಒಳಗೆ ಹೋದದ್ದು ನೋಡಿ ಈಗ ತಿಳೀತು” ಅಂದೆ.

ಒಂದು ನಿಜ ಹೇಳಿ ಅದರ ಬೆನ್ನಿಗೇ ಒಂದು ಸುಳ್ಳು ಹೇಳಿದೆ. ಮೊದಲಿನದಕ್ಕೆ ಧೈರ್ಯ ಬೇಕಾಗಿತ್ತು, ಎರಡನೆಯದು ತಾನಾಗಿ ಬಂತು. ಮುದುಕ ಎದ್ದು ಅಂಗಳಕ್ಕೆ ಹೋದರು. ಅಂದು ರಾತ್ರಿ ಮಾದಿ ಪಕ್ಕದಲ್ಲೇ ಮಲಗಿದ್ದರೂ ಬೆನ್ನು ತಿರುಗಿಸಿದ್ದಳು.

ಮರುದಿನ ಹಾಗೊಟ್ಟನ್ನು ಖಾಲಿ ಮಾಡಿದರು. ಮಾವ ಮತ್ತು ಪಕ್ಕದ ಮನೆಯ ಹಿರಿಯರೊಬ್ಬರು ಎಲ್ಲ ಪಾತ್ರೆಗಳನ್ನು ತೊರೆಗೆ ಒಯ್ದು ತೊಳೆದರು, ಹಳೆಯ ಗಡಿಗೆಗಳನ್ನು ಒಡೆದು ಹಾಕಿ ಹೊಸವನ್ನು ತಂದರು. ಒಳಗೆ ಏನು ಶಾಸ್ತ್ರ ಮಾಡಿದರೋ ನನಗೆ ತಿಳಿಯದು, ನಾನು ದೂರ ಕೂತಿದ್ದೆ. ಎರಡು ದಿನ ಆ ಮನೆಯಲ್ಲಿ ಹಾಲಿಲ್ಲ. ನಾನು ತಂದ ಬೆಲ್ಲ ಹಾಕಿ ಕರಿ ಟೀ ಕುಡಿದೆವು. ಹಟ್ಟಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಂಡು ಸರಿಯುತ್ತಿದ್ದರು. ನಗುತ್ತಿದ್ದರೋ ಹೆದರುತ್ತಿದ್ದರೋ ಹೇಳಲಾರೆ. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಂಗಳವಾರ ಕಳೆಯಿತು, ಬುಧವಾರ ಕಳೆಯಿತು. ಮಾವ ಕೆಲಸದ ಮಾತೆತ್ತಲಿಲ್ಲ. ಮಾದಿ ತನ್ನ ಆರ್ಡರಿನ ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದನ್ನು ನೋಡಿದೆ. ಗೆಳತಿಯ ಬದುಕನ್ನು ಒಂದು ಚೊಂಬು ಕಾಫಿಗೆ ಹಾಳುಮಾಡಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಗುರುವಾರ ಊಟವಾದ ಮೇಲೆ ಆತ ನಮ್ಮಿಬ್ಬರನ್ನೂ ಕರೆದರು. ಅತ್ತೆಯೂ ಬಾಗಿಲ ಬಳಿ ಬಂದು ಕೂತರು. ಆತ ಮಾತಾಡಿದ್ದು ಮಾದಿಯೊಡನೆ, ನನ್ನನ್ನು ನೋಡಲಿಲ್ಲ.

“ನೀನು ಹತ್ತು ಮನೆ ಬಾಣಂತನ ಮಾಡಿ ಬರ್ತಿ. ಎಲ್ಲಿ ಏನು ಮುಟ್ಟಿದಿ ಅಂತ ನಂಗೆ ಹೆಂಗೆ ತಿಳೀಬೇಕು, ಅದೊಂದೇ ಭಯ ಇತ್ತು. ಈ ತಾಯಿ ಯಾರೂ ಕೇಳ್ದೇನೆ ತಾನೇ ಹೇಳಿದ್ಲು. ಈ ಕೆಲಸ ಕಲ್ತೋರು ಮುಚ್ಚಿಡೋದಿಲ್ಲ ಅಂತ ಆತು. ಹೋಗು, ಸೇರ್ಕ.”

ಒಂದು ವರ್ಷ ನೋಡೋಣ ಎಂದರು. ಹೆರಿಗೆ ಮಾಡಿಸಿ ಬಂದ ದಿನ ಹೊರಗಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು, ಎಲ್ಲಿಗೆ ಹೋಗಿದ್ದೆ ಎಂಬುದನ್ನು ಹೇಳಬೇಕು ಎಂದು ಕಟ್ಟು ಹಾಕಿದರು. ಮಾದಿ ತಲೆ ಬಾಗಿಸಿದಳು, ಆತ ಕೈಯಿಟ್ಟರು. ನನಗೆ ತಲೆಯೆತ್ತಲು ಆಗಲಿಲ್ಲ. ಆತ ನಂಬಿದ್ದು ನನ್ನ ಅರ್ಧ ಮಾತನ್ನು. ಇನ್ನರ್ಧವನ್ನೂ ಹೇಳಿಬಿಡಲೇ ಎಂದು ಬಾಯಿವರೆಗೆ ಬಂತು. ಮಾದಿಯ ಮುಖ ನೋಡಿ ನುಂಗಿದೆ. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ, ಮತ್ತೆ ಅಂಥದೇ ಹೊತ್ತು ಬಂದರೆ ಅದನ್ನೇ ಮಾಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಹೊರಟೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಾದಿ ನನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ಹೋದಳು, ರಾತ್ರಿಯೆಲ್ಲ ಮಾತಾಡಿ ಹಳೆಯ ಮಾದಿಯಾಗಿದ್ದಳು. ಬ್ಯಾಡವೆಂದರೂ ಅತ್ತೆ ಕೋಲು ಹಿಡಿದು ನನ್ನ ಜೊತೆ ಏರು ಹತ್ತಿದರು. ಅರ್ಧ ದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು. ಅವತ್ತು ಗೋಡೆಯ ಆಚೆಗೆ ಬಿಸಿಲಿಗೆ ಕೂತಿದ್ದೆ, ಮಾದಿ ಅತ್ತದ್ದು, ಬ್ಯಾಡ ಅಂದದ್ದು ಎಲ್ಲ ಕೇಳಿಸಿತು ಎಂದು ನೆಲ ನೋಡುತ್ತ ಹೇಳಿದರು. ಅಯ್ಯನವರಿಗೆ ಹೇಳಿದಿರಾ ಎಂದು ಕೇಳಿದೆ. ಅವರು ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದರು.

ಮಾದಿ ದೂರ ಹೋದಳೇ ಎಂದು ನೋಡಿಕೊಂಡು ನನ್ನ ಮಣಿಕಟ್ಟು ಹಿಡಿದರು.

“ನಾನು ಈ ಮನಿಗೆ ಬಂದು ನಲವತ್ತು ವರ್ಷದ ಮ್ಯಾಲಾತು. ಒಳಗೆ ಹೆಂಗೈತೆ?”

ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ಹೇಳಿದೆ. ಸಣ್ಣ ಕೋಣೆ, ನಾಲ್ಕು ಹೆಜ್ಜೆ ಉದ್ದ. ಸಾರಿಸಿದ ಮಣ್ಣಿನ ನೆಲ. ಒಂದು ಕಡೆ ಕಟ್ಟೆ, ಅದರ ಮೇಲೆ ಬಿದಿರಿನ ಹಾಲಿನ ಪಾತ್ರೆಗಳು, ಎರಡು ಗಡಿಗೆ. ಗೋಡೆಗೆ ಆನಿಸಿದ ಕಡಗೋಲು. ಮೇಲೆ ಒಂದು ಕಿಂಡಿ. ಬೆಣ್ಣೆಯ ವಾಸನೆ.

ಕಣ್ಣು ಮುಚ್ಚಿಕೊಂಡು ಕೇಳಿದರು. ಕಿಂಡಿ ಯಾವ ದಿಕ್ಕಿಗೆ ಎಂದು ಕೇಳಿದರು. ಮೂಡಣಕ್ಕೆ ಎಂದೆ. ಮತ್ತೇನು ಎಂದು ಕೇಳಿದರು. ಇನ್ನೂ ಏನಾದರೂ ಇತ್ತೇ ಎಂದು ನಾನೂ ನೆನೆದು ನೋಡಿದೆ, ಇರಲಿಲ್ಲ. ಒಂದು ದೀಪ, ಒಂದು ದೇವರು, ಏನಾದರೂ ಕಲ್ಪಿಸಿ ಹೇಳಿಬಿಡೋಣ ಅನಿಸಿತು. ಅಷ್ಟೇ ಅಮ್ಮ, ಅಂದೆ.

“ಅಷ್ಟೇನಾ” ಎಂದರು. ಮಣಿಕಟ್ಟು ಬಿಟ್ಟರು.

ಬಸ್ಸು ಬಂತು. ಮಾದಿ ಟ್ರಂಕು ಹತ್ತಿಸಿದಳು, ಕಿಟಕಿಯಲ್ಲಿ ಕೈ ಹಿಡಿದು ಬಿಟ್ಟಳು. ತಿರುವಿನಲ್ಲಿ ಹಿಂದಕ್ಕೆ ನೋಡಿದೆ. ಅವಳು ಇನ್ನೂ ಕೈ ಬೀಸುತ್ತಿದ್ದಳು. ಅತ್ತೆ ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ. ಹಟ್ಟಿಗೆ ಬೆನ್ನು ಹಾಕಿ, ದಾರಿಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು.